ಉದ್ಘಾಟನೆ ಮುಗಿದ ಮೇಲೆ ಆ ನಲ್ಲಿ ಯಾರ ಹೊಣೆ? ಜನಪ್ರತಿನಿಧಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜನಪ್ರತಿನಿಧಿಗಳೇ,

ನಮಸ್ಕಾರ.

ಬಡ ಹಳ್ಳಿಗಳಿಗೆ ಶುದ್ಧ ನೀರು ಬೇಕು, ಶೌಚಾಲಯ ಬೇಕು, ಹತ್ತಿರದಲ್ಲೊಂದು ಆಸ್ಪತ್ರೆ ಬೇಕು ಅನ್ನುವುದರಲ್ಲಿ ನಿಮಗೂ ನಮಗೂ ಭಿನ್ನಾಭಿಪ್ರಾಯ ಇಲ್ಲ. ಹಾಗಾಗಿ ಅದನ್ನೇ ಮತ್ತೆ ಹೇಳಿ ನಿಮ್ಮ ಸಮಯ ತಗೊಳ್ಳುವುದಿಲ್ಲ. ನನ್ನದು ಒಂದೇ ಕೋರಿಕೆ. ಬಜೆಟ್ಟಿನಲ್ಲಿ ಕಟ್ಟುವುದಕ್ಕೆ ಹಣ ಇಡುವಾಗಲೇ, ಕಟ್ಟಿದ್ದು ದಿನಾ ನಡೆಯುವುದಕ್ಕೂ ಹಣ ಇಡಿ. ಬೇರೆಯದೇ ಲೆಕ್ಕದಲ್ಲಿ ಇಡಿ, ಪ್ರತಿ ವರ್ಷ ಇಡಿ, ಇನ್ಯಾವ ಕೆಲಸಕ್ಕೂ ಅದನ್ನು ಮುಟ್ಟದ ಹಾಗೆ ಇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಯಾವುದಾದರೂ ಹಳ್ಳಿಗೆ ಹೋದಾಗ ನಲ್ಲಿ ನೋಡಬೇಡಿ, ವಾಲ್ವ್ ಇರುವ ಗುಂಡಿ ನೋಡಿ. ಎಷ್ಟೋ ಕಡೆ ಅದರ ಮುಚ್ಚಳ ಒಡೆದಿರುತ್ತದೆ. ಒಳಗೆ ಕೆಸರು ನೀರು ನಿಂತಿರುತ್ತದೆ. ವಾಲ್ವಿನ ಬುಡದಲ್ಲಿ ಸೋರಿಕೆ, ಅದಕ್ಕೆ ಸುತ್ತಿದ ಹಳೇ ಸೈಕಲ್ ಟ್ಯೂಬ್. ನೀರು ಬಿಟ್ಟಾಗ ಅಲ್ಲಿಂದ ಚಿಮ್ಮುತ್ತದೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ನಿಜವಾದ ಅಪಾಯ ಇರುವುದು ನೀರು ನಿಲ್ಲಿಸಿದ ಮೇಲೆ. ಪೈಪು ಖಾಲಿಯಾಗುತ್ತಾ ಒಳಗಿನ ಒತ್ತಡ ಇಳಿಯುತ್ತದೆ. ಆಗ ಅದೇ ತೂತು ಹೊರಗಿನ ಕೆಸರನ್ನು ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲೇ ಚರಂಡಿ ಇದ್ದರೆ ಚರಂಡಿಯ ನೀರೂ ಸೇರುತ್ತದೆ. ಮಾರನೇ ದಿನ ನೀರು ಬಿಟ್ಟಾಗ ಮೊದಲು ಬರುವುದು ಅದೇ. ತಾಯಂದಿರು ಅದನ್ನು ಕೊಡದಲ್ಲಿ ಹಿಡಿಯುತ್ತಾರೆ, ಮಕ್ಕಳು ಕುಡಿಯುತ್ತಾರೆ.

ಕಾಗದದಲ್ಲಿ ಮಾತ್ರ ಆ ಹಳ್ಳಿಗೆ ನೀರು ತಲುಪಿದೆ. ಯೋಜನೆ ಮುಗಿದಿದೆ. ಗುತ್ತಿಗೆದಾರರಿಗೆ ಬಿಲ್ ಪಾಸಾಗಿದೆ. ಆದರೆ ಆ ವಾಲ್ವಿಗೆ ಒಂದು ವಾಷರ್ ಹಾಕಿಸಬೇಕು ಅಂದರೆ ದುಡ್ಡು ಯಾವ ಲೆಕ್ಕದಿಂದ ತೆಗೆಯಬೇಕು ಅಂತ ಯಾರಿಗೂ ಗೊತ್ತಿಲ್ಲ. ಹೊಸ ಟ್ಯಾಂಕು ಕೇಳಿದರೆ ಸಿಗುತ್ತದೆ, ಹಳೇ ಟ್ಯಾಂಕು ತೊಳೆಯಲು ಕೇಳಿದರೆ ಸಿಗುವುದಿಲ್ಲ. ಇದು ಒಂದು ದೇಶದ ಕಥೆಯೂ ಅಲ್ಲ. ಆಫ್ರಿಕಾದ ಹಳ್ಳಿಗಳಲ್ಲಿ ಹಾಕಿಸಿದ ಕೈಪಂಪುಗಳಲ್ಲಿ ಸುಮಾರು ನಾಲ್ಕಕ್ಕೊಂದು ಯಾವ ಹೊತ್ತಿಗೆ ಹೋಗಿ ನೋಡಿದರೂ ಕೆಟ್ಟು ನಿಂತಿರುತ್ತದೆ ಎಂದು ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಹಾಕಿಸುವಾಗ ಹಣ ಇತ್ತು. ರಿಪೇರಿಗೆ ಇರಲಿಲ್ಲ, ಅಷ್ಟೇ.

ಸುರಕ್ಷಿತ ನೀರು ಅಂದರೆ ಏನು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸರಳವಾಗಿ ಹೇಳಿವೆ. ನೀರು ಮನೆಯ ಅಂಗಳದಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಮಲದ ಸೋಂಕು ಮತ್ತು ವಿಷದ ರಾಸಾಯನಿಕ ಅದರಲ್ಲಿ ಇರಬಾರದು. ಈ ಮೂರೂ ಸೇರಿಸಿ ಲೆಕ್ಕ ಹಾಕಿದಾಗ 2022ರಲ್ಲಿ ಜಗತ್ತಿನಲ್ಲಿ 220 ಕೋಟಿ ಜನರಿಗೆ ಸುರಕ್ಷಿತ ನೀರು ಇರಲಿಲ್ಲ. ನಿಮ್ಮ ಕ್ಷೇತ್ರದ ಲೆಕ್ಕವನ್ನೂ ಹೀಗೇ ಹಾಕಿಸಿ ನೋಡಿ. ನಲ್ಲಿ ಎಷ್ಟಿದೆ ಅನ್ನುವ ಸಂಖ್ಯೆಗೂ ಇದಕ್ಕೂ ಎಷ್ಟು ದೂರ ಇದೆ ಅಂತ ಗೊತ್ತಾಗುತ್ತದೆ.

ನೀರು ಪರೀಕ್ಷೆ ಮಾಡಿಸದೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶ ಸಾಕ್ಷಿ. ಕೆರೆಕುಂಟೆಯ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು ಅಂತ 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೊಳವೆಬಾವಿ ಹಾಕಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಇದೆಯಾ ಅಂತ ಯಾರೂ ನೋಡಿರಲಿಲ್ಲ. 1993ರಲ್ಲಿ ಅದು ಬೆಳಕಿಗೆ ಬರುವ ಹೊತ್ತಿಗೆ ಕೋಟ್ಯಂತರ ಜನ ವರ್ಷಗಟ್ಟಲೆ ಆ ನೀರು ಕುಡಿದಾಗಿತ್ತು. ಆರ್ಸೆನಿಕ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಫ್ಲೋರೈಡ್ ಕೂಡ ಹಾಗೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಜಾಸ್ತಿ ಇದ್ದರೆ ಮೂಳೆ ಸೆಟೆದುಕೊಳ್ಳುತ್ತದೆ. ನೋಡಿದರೆ ನೀರು ಕನ್ನಡಿಯಷ್ಟು ತಿಳಿ.

ಸೋಂಕು ತಡೆಯುವುದು ಇದಕ್ಕಿಂತ ಸುಲಭ. ಕ್ಲೋರಿನ್ ಸರಿಯಾಗಿ ಹಾಕಬೇಕು, ದಿನಾ ಅಳೆಯಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ನೋಡಲು ದೊಡ್ಡ ಲ್ಯಾಬ್ ಬೇಡ. ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಪರೀಕ್ಷೆಯ ಕಿಟ್ಟಿನಲ್ಲಿರುವ ಒಂದು ಮಾತ್ರೆ ಹಾಕಿ ಅಲುಗಾಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಕಿಟ್ಟಿನ ಬಣ್ಣದ ಪಟ್ಟಿಯ ಜೊತೆ ಹೋಲಿಸಿದರೆ ಆಯಿತು. ಬಣ್ಣವೇ ಬರಲಿಲ್ಲ ಅಂದರೆ ಕ್ಲೋರಿನ್ ಮುಗಿದಿದೆ, ದಾರಿಯಲ್ಲಿ ಎಲ್ಲೋ ಕೊಳೆ ಸೇರಿರಬಹುದು ಅಂತ ಅರ್ಥ.

ಈ ಕೆಲಸ ಮಾಡಬೇಕಾದವರು ಊರಿನ ನೀರುಗಂಟಿ. ಅವರ ಸಂಬಳ ತಿಂಗಳುಗಟ್ಟಲೆ ಬಾಕಿ ಇರುತ್ತದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅಂತ ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ. ಪೌಡರಿನ ಚೀಲ ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ, ತೇವಕ್ಕೆ ಅದರ ಶಕ್ತಿ ಹೋಗಿರುತ್ತದೆ. ತಪ್ಪು ಅವರದಾ? ಕೆನಡಾದಂಥ ಶ್ರೀಮಂತ ದೇಶದ ವಾಕರ್ಟನ್ ಅನ್ನುವ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ಸಗಣಿಯ ಸೋಂಕು ಬಾವಿಗೆ ಇಳಿಯಿತು. ಕ್ಲೋರಿನ್ ದಿನಾ ಅಳೆಯುತ್ತಿರಲಿಲ್ಲ, ಪುಸ್ತಕದಲ್ಲಿ ಮಾತ್ರ ಅಂಕಿ ಬರೆದಿಡುತ್ತಿದ್ದರು. ನೀರಿನ ಕೆಲಸದವರಿಗೆ ಸರಿಯಾದ ತರಬೇತಿಯೇ ಇರಲಿಲ್ಲ. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ಅಷ್ಟೆಲ್ಲಾ ಅನುಕೂಲ ಇದ್ದ ಊರಲ್ಲೇ ಹೀಗಾದರೆ, ನಾಲ್ಕು ತಿಂಗಳು ಸಂಬಳ ಇಲ್ಲದ ನೀರುಗಂಟಿಯ ಮೇಲೆ ಇಡೀ ಹಳ್ಳಿಯ ಜೀವ ಬಿಟ್ಟು ನಾವು ನಿಶ್ಚಿಂತೆಯಿಂದ ಇರುವುದು ಹೇಗೆ? ಅವರಿಗೆ ತರಬೇತಿ ಕೊಡಿ. ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ. ಕೈಗೊಂದು ಕ್ಲೋರಿನ್ ಕಿಟ್ ಕೊಡಿ. ಒಂದು ಹೊಸ ಟ್ಯಾಂಕಿನ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ನಿರ್ವಹಣೆಯ ಖರ್ಚು ಜನರೇ ಕೊಡಲಿ ಎನ್ನುವ ಮಾತು ಬಂದೇ ಬರುತ್ತದೆ. ಕೊಡಬಲ್ಲವರು ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ದುಡ್ಡು ಕಟ್ಟದವರಿಗೆ ನೀರು ನಿಲ್ಲಿಸುವ ದಾರಿ ಹಿಡಿಯಬೇಡಿ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ ಕೆಲವು ಕಡೆ ಬಿಟ್ಟಿಯಾಗಿ ಬರುತ್ತಿದ್ದ ನೀರಿಗೆ ಮೊದಲೇ ಹಣ ಕಟ್ಟುವ ಮೀಟರ್ ಬಂತು. ಕಟ್ಟಲಾಗದವರು ಹೊಳೆಗೆ ಹೋದರು. 2000ರಲ್ಲಿ ಆ ಭಾಗದಲ್ಲಿ ಶುರುವಾದ ಕಾಲರಾ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿತು. ನೀರು ಮತ್ತು ನೈರ್ಮಲ್ಯ ಮನುಷ್ಯನ ಹಕ್ಕು ಅಂತ ವಿಶ್ವಸಂಸ್ಥೆ 2010ರ ಜುಲೈ 28ರಂದು ಒಪ್ಪಿಕೊಂಡಿದೆ. ಹಕ್ಕು ಅಂದ ಮೇಲೆ ಬಡವರ ಪಾಲಿನ ಖರ್ಚು ಸರ್ಕಾರವೇ ಹೊರಬೇಕು, ಅಲ್ವಾ?

ಶೌಚಾಲಯದ ಮಾತಿಗೆ ಬಂದರೆ, ಅಲ್ಲೂ ಇದೇ ಪಾಡು. ಕಟ್ಟಿದ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಗುಂಡಿ ತುಂಬಿದ ಮೇಲೆ ಏನು ಅಂತ ಯಾರೂ ಹೇಳುವುದಿಲ್ಲ. ಎರಡು ಗುಂಡಿ ಇದ್ದು, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ಮಲ ಗೊಬ್ಬರವಾಗುತ್ತದೆ. ತೆಗೆಯುವವರಿಗೆ ಅಪಾಯ ಇಲ್ಲ. ಒಂದೇ ಗುಂಡಿ ಆದರೆ ಹಸಿ ಮಲವನ್ನೇ ತೆಗೆಯಬೇಕು. ಆ ಕೆಲಸಕ್ಕೆ ಕಡುಬಡವರನ್ನೇ ಕರೆಯುತ್ತಾರೆ, ಒಳಗಿನ ವಿಷಗಾಳಿಗೆ ಜೀವ ಹೋದವರಿದ್ದಾರೆ. ದಯವಿಟ್ಟು ಯಾವ ಮನುಷ್ಯನೂ ಗುಂಡಿಗೆ ಇಳಿಯಬೇಕಾದಂಥ ಶೌಚಾಲಯಕ್ಕೆ ಮಂಜೂರಾತಿ ಕೊಡಬೇಡಿ. ಅಂತರ್ಜಲ ಮೇಲೇ ಇರುವ ಕಡೆ ಗುಂಡಿಯ ಬದಲು ಬೇರೆ ವಿನ್ಯಾಸ ಬೇಕು, ಇಲ್ಲದಿದ್ದರೆ ಒಬ್ಬರ ಶೌಚಾಲಯ ಪಕ್ಕದವರ ಬಾವಿಗೆ ಇಳಿಯುತ್ತದೆ. ಇನ್ನು, ಶೌಚಾಲಯದ ಹತ್ತಿರ ನೀರೇ ಇಲ್ಲದಿದ್ದರೆ ಜನ ಬಯಲಿಗೇ ಹೋಗುತ್ತಾರೆ. ದೂರದಿಂದ ಹೊತ್ತು ತಂದ ಕೊಡದ ನೀರನ್ನು ಅಲ್ಲಿ ಸುರಿಯಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ?

ಅರ್ಧಂಬರ್ಧ ಕೆಲಸಕ್ಕೆ ಫಲವೂ ಕಡಿಮೆಯೇ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನಗಳು ನಡೆದು 2018, 2019ರಲ್ಲಿ ಫಲಿತಾಂಶ ಬಂತು. ಮನೆಮನೆಗೆ ಕ್ಲೋರಿನ್, ಸರಳ ಶೌಚಾಲಯ, ಕೈ ತೊಳೆಯುವ ಏರ್ಪಾಡು ಕೊಟ್ಟಿದ್ದರು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು, ಉಳಿದೆರಡು ಕಡೆ ಆಗಲಿಲ್ಲ. ಇದರಿಂದ ಮಕ್ಕಳ ಬೆಳವಣಿಗೆ ಮೂರೂ ಕಡೆ ಸುಧಾರಿಸಲಿಲ್ಲ. ಇದನ್ನು ನೋಡಿ ಕೆಲವರು ಈ ಖರ್ಚೇ ದಂಡ ಅನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ಬಡವರಿಗೆ ಅಗ್ಗದ್ದು ಸಾಕು ಅನ್ನುವ ಲೆಕ್ಕಾಚಾರ ತಪ್ಪು ಅಂತ ಓದುತ್ತೇನೆ.

ಆಸ್ಪತ್ರೆಯಲ್ಲೇ ನೀರಿಲ್ಲ ಅಂದರೆ ಇನ್ನೇನು ಹೇಳುವುದು? ಹೆರಿಗೆ ಕೋಣೆಯಲ್ಲಿ ನಲ್ಲಿ ಇದೆ, ತಿರುಗಿಸಿದರೆ ಗಾಳಿ ಬರುತ್ತದೆ. ನರ್ಸಮ್ಮ ಬಕೆಟ್ಟಿನಿಂದ ಒಂದು ಮಗ್ ನೀರು ತಗೊಂಡು ಅದರಲ್ಲೇ ಕೈ ತೊಳೆದು, ಅದರಲ್ಲೇ ಉಪಕರಣವನ್ನೂ ತೊಳೆಯಬೇಕು. 1847ರಲ್ಲೇ ವಿಯೆನ್ನಾದ ವೈದ್ಯ ಸೆಮೆಲ್ವೈಸ್ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿ, ತಮ್ಮ ವಾರ್ಡಿನಲ್ಲಿ ಬಾಣಂತಿಯರ ಸಾವನ್ನು ಶೇಕಡಾ 18ರಿಂದ 2ರ ಆಸುಪಾಸಿಗೆ ಇಳಿಸಿದ್ದರು. ಆದರೂ ಜಗತ್ತಿನ ಅರ್ಧದಷ್ಟು ಆರೋಗ್ಯ ಕೇಂದ್ರಗಳಲ್ಲಿ ಕೈ ತೊಳೆಯುವ ಸರಿಯಾದ ವ್ಯವಸ್ಥೆ ಇಲ್ಲ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು. ನಿಮ್ಮ ಕ್ಷೇತ್ರದ ಪ್ರತಿ ಹೆರಿಗೆ ಕೋಣೆಯ ನಲ್ಲಿಯನ್ನು ನೀವೇ ಒಮ್ಮೆ ತಿರುಗಿಸಿ ನೋಡಿ. ಮೊದಲೇ ಹೇಳದೆ ಹೋಗಿ.

ಭೇದಿ ಶುರುವಾದ ಮಗುವಿಗೆ ದೊಡ್ಡ ಆಸ್ಪತ್ರೆಗಿಂತ ಮೊದಲು ಬೇಕಾಗುವುದು ಓಆರ್‌ಎಸ್ (ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಪ್ಯಾಕೆಟ್, ಜೊತೆಗೆ ಝಿಂಕ್ ಮಾತ್ರೆ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಖಾಲಿಯಾದಾಗ ಡಾಕ್ಟರ್ ದಿಲೀಪ್ ಮಹಲನೊಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಕುಡಿಸಿದವರು ಬಹುತೇಕ ರೋಗಿಗಳ ಮನೆಯವರೇ. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಷ್ಟು ಸುಲಭದ ಔಷಧಿ ಊರಿನ ಆರೋಗ್ಯ ಕಾರ್ಯಕರ್ತೆಯ ಚೀಲದಲ್ಲಿ ಖಾಲಿ ಆಗಲೇಬಾರದು.

ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಭೇದಿ ಬಂದವರ ಹೆಸರು, ಓಣಿ ಎಲ್ಲಾ ಬರೆದಿರುತ್ತದೆ. ಒಂದೇ ಓಣಿಯಿಂದ ಮೂರು ದಿನದಲ್ಲಿ ಐದು ಮಕ್ಕಳು ಬಂದರೆ ಆ ಓಣಿಯ ಪೈಪು ನೋಡಬೇಕು ಅಂತ ಯಾರಿಗಾದರೂ ಹೊಳೆಯುತ್ತದೆ. ಆದರೆ ಆ ಪುಸ್ತಕ ನೀರಿನ ಇಲಾಖೆಯ ಇಂಜಿನಿಯರ್ ಕಣ್ಣಿಗೆ ಬೀಳುವುದೇ ಇಲ್ಲ. ತಿಂಗಳಿಗೊಮ್ಮೆ ನರ್ಸು, ನೀರುಗಂಟಿ, ಇಂಜಿನಿಯರ್ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ. ಇದಕ್ಕೆ ಕಾನೂನು ಬೇಡ, ನಿಮ್ಮ ಒಂದು ಮಾತು ಸಾಕು.

ಮುಂದಿನ ಬಜೆಟ್ಟಿನಲ್ಲಿ ಹೊಸ ಕಾಮಗಾರಿಗೆ ಎಷ್ಟು, ಇರುವುದನ್ನು ನಡೆಸಲು ಎಷ್ಟು ಅನ್ನುವ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಜನರ ಮುಂದೆ ಇಡಿ. ಪ್ರತಿ ಹಳ್ಳಿಯ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಾರೀಖಿನ ಸಮೇತ ಜನ ಓಡಾಡುವ ಕಡೆ ಗೋಡೆಯ ಮೇಲೆ ಬರೆಸಿ. ಫಲಿತಾಂಶ ಕೆಟ್ಟದಿದ್ದರೂ ಬರೆಸಿ. ಯಾವ ತಿಂಗಳಿಂದ ಶುರು ಮಾಡುತ್ತೀರಿ ಅಂತ ದಯವಿಟ್ಟು ಬಹಿರಂಗವಾಗಿಯೇ ಉತ್ತರ ಕೊಡಿ.

ಇಂತಿ,
ಹಳ್ಳಿಗಳ ಆರೋಗ್ಯದ ಬಗ್ಗೆ ಕಾಳಜಿ ಇರುವ ಒಬ್ಬ ಮತದಾರ