ಆಯ್-ಆಯ್ ಹುಡುಕಿ ಹೊರಟ ಮಗಳಿಗೆ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನೀನು ವಿಮಾನ ಹತ್ತುವ ಮೊದಲು ಕೈಸೇರಲಿ ಎಂದು ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ಇಬ್ಬರಲ್ಲಿ ಒಬ್ಬರು ದನಿ ಏರಿಸುತ್ತೇವೆ. ಭಾನುವಾರ ಊಟದ ಹೊತ್ತಿನಲ್ಲಿ ಆದದ್ದನ್ನು ಇಲ್ಲಿ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಅಜ್ಜಿ ಆಡಿದ ಮಾತಿಗೆ ಮಾತ್ರ ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಅವಳಂತೂ ಕೇಳುವವಳಲ್ಲ.

ನೀನು ಹುಡುಕಿ ಹೊರಟಿರುವ ಆ ಮಡಗಾಸ್ಕರಿನ ಪ್ರಾಣಿ ಆಯ್-ಆಯ್, ಅದರ ಬಗ್ಗೆ ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ನಿಜ ಹೇಳುತ್ತೇನೆ, ಅಷ್ಟು ವಿಕಾರವಾದ ಪ್ರಾಣಿಯನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಅಗಲ ಕಿವಿ, ಕೆದರಿದ ಕೂದಲು, ಬೆಳೆಯುವುದನ್ನೇ ನಿಲ್ಲಿಸದ ಮುಂದಿನ ಹಲ್ಲು. ಹದಿನೆಂಟನೆಯ ಶತಮಾನದ ಪಂಡಿತರು ಅದನ್ನು ಅಳಿಲಿನ ಕುಲಕ್ಕೆ ಸೇರಿಸಿದ್ದರಂತೆ. ನಾನಾಗಿದ್ದರೂ ಅಲ್ಲಿಗೇ ಸೇರಿಸುತ್ತಿದ್ದೆ. ಆದರೆ ಆ ಬೆರಳು! ನಡುಬೆರಳು ಒಂದು ಮಾತ್ರ ಮಾಂಸವೇ ಇಲ್ಲದಷ್ಟು ಸಣಕಲು, ಬೇಕಾದತ್ತ ತಿರುಗುವ ಕೀಲು ಬೇರೆ. ಅದರಿಂದ ಕೊಂಬೆಯನ್ನು ಟಕಟಕ ತಟ್ಟುತ್ತ, ಒಳಗೆ ಹುಳು ಕೊರೆದ ಪೊಳ್ಳು ಎಲ್ಲಿದೆ ಎಂದು ಕಿವಿಗೊಡುತ್ತದೆ. ಗೊತ್ತಾದ ಕೂಡಲೇ ಹಲ್ಲಿನಿಂದ ತೂತು ಕೊರೆದು, ಅದೇ ಬೆರಳನ್ನು ತೂರಿಸಿ ಹುಳುವನ್ನು ಎಳೆದು ತಿನ್ನುತ್ತದೆ. ಅಟ್ಟದ ಮೇಲೆ ಕೂತು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಕುಲುಕಿ ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಆಲಿಸುತ್ತಿದ್ದ ನಿನ್ನ ಅಜ್ಜ ಕಣ್ಣ ಮುಂದೆ ಬಂದರು.

ಮಡಗಾಸ್ಕರಿನಲ್ಲಿ ಮರಕುಟಿಗವೇ ಇಲ್ಲ, ಅದರ ಕೆಲಸವನ್ನು ಇದು ರಾತ್ರಿಪಾಳಿಯಲ್ಲಿ ಮಾಡುತ್ತದೆ ಎಂದು ಹೇಳಿದೆಯಲ್ಲ, ಆ ಮಾತನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನನ್ನ ಮಗಳು ಹೇಳಿದ್ದು ಎಂದೂ ಸೇರಿಸಿದೆ. ಅದೇ ಬೆರಳನ್ನು ಮೂಗಿನೊಳಗೆ ಗಂಟಲವರೆಗೆ ಇಳಿಸುತ್ತದೆಂಬ 2022ರ ವರದಿಯನ್ನು ಮಾತ್ರ ಬಾಯಿಬಿಡಲಿಲ್ಲ. ತೆಂಗಿನಕಾಯಿಯನ್ನೂ ಕೊರೆದು ತಿರುಳು ಬಗೆಯುತ್ತದೆ ಎಂದು ಗೊತ್ತಾದಾಗ ನಾನು ಸ್ವಲ್ಪ ಹೊತ್ತು ಅಲ್ಲಿಯ ರೈತರ ಕಡೆಯವನಾದೆ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಚಿಂತೆ ಪ್ರಾಣಿಯದಲ್ಲ, ಕಾಡಿನದೂ ಅಲ್ಲ. ಅದು ಬೆರಳು ತೋರಿಸಿದವರು ಉಳಿಯುವುದಿಲ್ಲ ಎಂದು ಅಲ್ಲಿ ಹಲವು ಕಡೆ ನಂಬುತ್ತಾರೆ, ಕಂಡರೆ ಕೊಂದು ತೂಗುಹಾಕುತ್ತಾರೆ ಎಂದು ನೀನೇ ಓದಿ ಹೇಳಿದೆ. ಹೇಳುವಾಗ ನಕ್ಕೆ. ನನಗೆ ನಗು ಬರಲಿಲ್ಲ. ನಮ್ಮ ಚಿಕ್ಕಜ್ಜನ ಕಥೆಯನ್ನು ನಿನಗೆ ಯಾರೂ ಹೇಳಿಲ್ಲ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಹೊಲದ ಕಳ್ಳಿಬೇಲಿಯಲ್ಲಿ ಸಿಕ್ಕ ಕಾಡುಪಾಪವೊಂದನ್ನು ಯಾರೋ ಗೋಣಿಚೀಲದಲ್ಲಿ ಕಟ್ಟಿ ನಮ್ಮ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಮಾಟ ಮಾಡುವವನೊಬ್ಬ ಮರುದಿನ ದುಡ್ಡು ಕೊಟ್ಟು ಒಯ್ಯುವುದೆಂದು ಮಾತಾಗಿತ್ತು. ಅವನಿಗೆ ಬೇಕಿದ್ದದ್ದು ಅದರ ಕಣ್ಣು. ರಾತ್ರಿ ಚಿಕ್ಕಜ್ಜ ನನ್ನ ಕೈಗೆ ಲಾಟೀನು ಕೊಟ್ಟು ಚೀಲದ ಬಾಯಿ ಬಿಚ್ಚಿದರು. ಬೊಗಸೆ ತುಂಬುವಷ್ಟು ಪ್ರಾಣಿ, ಮುಖದ ತುಂಬ ಕಣ್ಣೇ. ಓಡಿಹೋಗಲಿಲ್ಲ. ನಿಧಾನವಾಗಿ ಕೈಚಾಚಿ ಚಿಕ್ಕಜ್ಜನ ಹೆಬ್ಬೆರಳನ್ನು ಹಿಡಿದುಕೊಂಡಿತು. ಒಂದು ಕೈ ಬಿಡಿಸಿದರೆ ಇನ್ನೊಂದು ಕೈ ಅಂಗಿಯನ್ನು ಹಿಡಿಯುತ್ತಿತ್ತು. ಕೊನೆಗೆ ಅದನ್ನು ತೋಳಿನ ಮೇಲೆ ಇಟ್ಟುಕೊಂಡೇ ಕೆರೆ ಏರಿಯ ಹುಣಸೆಮರದವರೆಗೆ ನಡೆದರು. ಕೊಂಬೆ ಕೈಗೆ ಸಿಕ್ಕ ಮೇಲೆಯೇ ಅದು ಅವರನ್ನು ಬಿಟ್ಟದ್ದು.

ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಎತ್ತು ಸತ್ತಿತು. ಅದಕ್ಕೆ ಮೊದಲೇ ರೋಗವಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಆದರೂ ಪೀಡೆಯನ್ನು ಊರೊಳಗೆ ಬಿಟ್ಟವರು ಚಿಕ್ಕಜ್ಜ ಎಂದಾಯಿತು. ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಆ ಸಲ ಅವರ ರಾಗಿ ಕೊಯ್ಲಿಗೆ ಮುಯ್ಯಾಳುಗಳು ಬರಲಿಲ್ಲ, ಅಷ್ಟೇ. ಎತ್ತಿನ ಯಜಮಾನ ಅವರ ಆಪ್ತ ಗೆಳೆಯ. ದಿನವೂ ಜಗಲಿಯಲ್ಲಿ ಒಂದೇ ಚೀಲದ ಎಲೆಅಡಿಕೆ ಹಂಚಿಕೊಳ್ಳುತ್ತಿದ್ದವರು. ಅವನು ಎದುರಿಗೇ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ತಾನೊಬ್ಬನೇ ಬಾಯಿಗೆ ಹಾಕಿಕೊಂಡು ಎದ್ದುಹೋದದ್ದನ್ನು ನಾನು ನೋಡಿದ್ದೇನೆ. ಚಿಕ್ಕಜ್ಜನ ಕೈ ಅರ್ಧ ಮುಂದೆ ಚಾಚಿತ್ತು. ಇದೇ ಕಾಡುಪಾಪಕ್ಕಾಗಿ ತಮಿಳುನಾಡಿನ ಕಡವೂರಿನಲ್ಲಿ 2022ರಲ್ಲಿ ಅಭಯಾರಣ್ಯ ಮಾಡಿದರೆಂದರೆ ಅವರು ನಂಬುತ್ತಿರಲಿಲ್ಲ.

ಕಾಡುಪಾಪಕ್ಕೂ ಆಯ್-ಆಯ್‌ಗೂ ದೂರದ ನೆಂಟಸ್ತಿಕೆ ಎಂದು ಕಾಗದದ ಮೇಲೆ ಬರೆದು ತೋರಿಸಿದ್ದೆಯಲ್ಲ. ಜನ ಅವನ್ನು ಕಾಣುವ ರೀತಿಯಲ್ಲೂ ಆ ನೆಂಟಸ್ತಿಕೆ ಇದೆ. ಊರಿನಲ್ಲಿ ಕೆಟ್ಟದ್ದು ನಡೆದಾಗ ಪ್ರಾಣಿ ಮರ ಹತ್ತಿ ಹೋಗಿರುತ್ತದೆ, ಕೈಗೆ ಸಿಗುವವರು ಅದರ ಜೊತೆ ಕಂಡವರು. ಯಾರ ಮನೆಯಲ್ಲಾದರೂ ಮಗುವೊಂದು ಜ್ವರದಿಂದ ಹೋದರೆ, ರಾತ್ರಿಯೆಲ್ಲ ಟಾರ್ಚ್ ಹಿಡಿದು ಅದರ ಹಿಂದೆ ಅಲೆದ ಪರದೇಶದ ಹುಡುಗಿ ನೀನೇ ಆಗಿರುತ್ತೀಯೆ.

ಆದ್ದರಿಂದ ಕೇಳು. ಅಲ್ಲಿಯವರು ಫಾಡಿ ಎನ್ನುವ ಕಟ್ಟುಪಾಡುಗಳು ಊರಿಂದ ಊರಿಗೆ ಬೇರೆಯಂತೆ. ಹೋದ ದಿನವೇ ಹಿರಿಯರನ್ನು ಕಂಡು ಏನು ಮಾಡಬಹುದು, ಏನು ಮಾಡಬಾರದು ಎಂದು ವಿಚಾರಿಸು. ಒಬ್ಬಳೇ ಕಾಡಿಗೆ ಹೋಗಬೇಡ. ಮೂಢನಂಬಿಕೆ ಎಂಬ ಶಬ್ದ ಬಾಯಿಂದ ಬರಬಾರದು. ಎರಡು ಮೂರು ವರ್ಷಕ್ಕೆ ಒಂದೇ ಮರಿ ಹಾಕುವ ಜೀವ, ಒಂದು ಸತ್ತರೂ ದೊಡ್ಡ ನಷ್ಟ ಎಂಬ ನಿನ್ನ ವಾದ ಸರಿ. ಆದರೆ ನಾಲ್ಕೇ ತೆಂಗಿನ ಮರ ಇರುವವನಿಗೆ ಅದನ್ನು ಹೇಳುವ ಮೊದಲು ಅವನ ಎಷ್ಟು ಕಾಯಿ ಹಾಳಾಗಿವೆ ಎಂದು ಎಣಿಸು, ಆಮೇಲೆ ಮಾತಾಡು. ಉಪದೇಶ ಮಾಡಬಾರದೆಂದುಕೊಂಡೇ ಬರೆಯಲು ಕೂತೆ, ಇಷ್ಟುದ್ದವಾಯಿತು, ಇರಲಿ.

ಅಳಿದೇ ಹೋಯಿತೆಂದು ಕೈಬಿಟ್ಟಿದ್ದ ಪ್ರಾಣಿ 1957ರಲ್ಲಿ ಮತ್ತೆ ಸಿಕ್ಕಿತು, 1966ರಲ್ಲಿ ಒಂಬತ್ತನ್ನು ನೋಸಿ ಮಂಗಾಬೆ ದ್ವೀಪಕ್ಕೆ ಸಾಗಿಸಿ ಬಿಟ್ಟರು ಎಂದು ನೀನು ಹೇಳುವಾಗ ನಿನ್ನ ಮುಖ ನೋಡಬೇಕಿತ್ತು. ಬೇಡ ಎನ್ನಲು ಆಮೇಲೆ ನನಗೆ ಬಾಯಿ ಬರಲಿಲ್ಲ. ಹೋಗಿ ಬಾ.

ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವಂತೆ, ಕೊಬ್ಬರಿ ಬೆಳೆಯುವವನ ಮಗಳಿಗೆ ಇದೆಂಥ ಕಾನೂನೋ. ಅಮ್ಮ ಹುರಳಿ ಚಟ್ನಿಪುಡಿ ಮಾಡಿದ್ದಾಳೆ. ಮಲೇರಿಯಾ ಮಾತ್ರೆಯನ್ನು ಡಾಕ್ಟರರು ಹೇಳಿದ ದಿನದಿಂದಲೇ ಶುರುಮಾಡು, ಮುಂದೂಡಬೇಡ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಲೆಕ್ಕ ಹಾಕುತ್ತ ಕೂರದೆ ಇಳಿದ ತಕ್ಷಣ ಫೋನ್ ಮಾಡು.

ಇಂತಿ,
ನಿನ್ನ ಅಪ್ಪ