ಡಬ್ಬ ತೊಳೆದಿದ್ದೀಯೇನೋ?

2025ರ ಸೆಪ್ಟೆಂಬರ್ 25ಕ್ಕೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದ 18ನೇ ಆವೃತ್ತಿ ಬಿಡುಗಡೆಯಾಯಿತು. ಪ್ರತಿ ಆವೃತ್ತಿಯ ರಿಲೀಸ್ ನೋಟ್ಸ್ ಕೊನೆಯಲ್ಲಿ ಒಂದು ಉದ್ದದ ಪಟ್ಟಿ ಇರುತ್ತದೆ. ಪ್ಯಾಚ್ (ಅಂದರೆ ಕೋಡಿಗೆ ಮಾಡುವ ಬದಲಾವಣೆ) ಬರೆದವರು, ಪರಿಶೀಲಿಸಿದವರು, ಟೆಸ್ಟ್ ಮಾಡಿದವರು, ತಪ್ಪು ತೋರಿಸಿಕೊಟ್ಟವರು, ಎಲ್ಲರ ಹೆಸರೂ ಎಬಿಸಿಡಿ ಕ್ರಮದಲ್ಲಿ. ಸಾವಿರಾರು ಸಾಲು ಕೋಡ್ ಬರೆದವರಿಗೂ ಅಲ್ಲಿ ಒಂದೇ ಸಾಲು, ಒಂದು ತಪ್ಪು ತೋರಿಸಿದವರಿಗೂ ಒಂದೇ ಸಾಲು. ಈ ಸಲ ಅದರಲ್ಲಿ ನನ್ನ ಹೆಸರೂ ಇದೆ. ಹುಡುಕಿ ನೋಡಿದೆ. ಒಂದು ಸಲ ಅಲ್ಲ, ಐದಾರು ಸಲ. ಅಮ್ಮನಿಗೂ ತೋರಿಸಿದೆ. "ಇಷ್ಟು ಸಣ್ಣಕ್ಕೆ ಹಾಕಿದಾರಲ್ಲೋ" ಅಂದಳು.

ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. ಪ್ಯಾಚ್ ಏನು ಮಾಡುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ಮೂರು ವರ್ಷದಿಂದ ಮದುವೆ ಮನೆ, ತಿಥಿ ಮನೆ ಅಂತ ನೋಡದೆ ಅದನ್ನೇ ಕೊರೆದಿದ್ದೇನೆ. ನಿಮಗೂ ಸಾಕಾಗಿದೆ, ಅಲ್ವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಪೋಸ್ಟ್‌ಗ್ರೆಸ್ ಯಾವ ಕಂಪನಿಯ ಸ್ವತ್ತೂ ಅಲ್ಲ. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಶುರುಮಾಡಿದ ಕೆಲಸ. ಅವರದೇ ಇನ್‌ಗ್ರೆಸ್ ಆದಮೇಲೆ ಬಂದದ್ದು, ಅದಕ್ಕೆ ಪೋಸ್ಟ್‌ಗ್ರೆಸ್. 1996ರಿಂದ ಅದನ್ನು ನಡೆಸಿಕೊಂಡು ಬಂದಿರುವುದು ದೇಶದೇಶದ ಜನ. ಇವತ್ತಿಗೂ ಬಹಳಷ್ಟು ಫೈಲ್‌ಗಳ ತಲೆಯ ಮೇಲೆ 1994ರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಕ್ಕಿನ ಸಾಲು ಹಾಗೇ ಇದೆ. ಅದರ ಮೇಲಿನ ಸಾಲಿನಲ್ಲಿ ಪ್ರತಿ ಹೊಸ ವರ್ಷಕ್ಕೆ ಇಸವಿ ಬದಲಾಗುತ್ತದೆ. ನನ್ನ ಪ್ಯಾಚ್ 2022ರಿಂದ ಸರದಿಯಲ್ಲಿ ನಿಂತು ಮೂರು ಸಲ ಆ ಇಸವಿ ಬದಲಾಗಿದ್ದನ್ನು ನೋಡಿತು. ಸರದಿಯಲ್ಲಿರುವ ಪ್ಯಾಚ್‌ಗಳನ್ನು ಪರಿಶೀಲಿಸಲು ವರ್ಷಕ್ಕೆ ಐದು ಸಲ ಕಮಿಟ್‌ಫೆಸ್ಟ್, ಪ್ರತಿ ಸಲವೂ 'ಮುಂದಿನದಕ್ಕೆ ನೋಡೋಣ'. ಕೋಡ್ ಒಳಗೆ ಸೇರಿಸುವ ಹಕ್ಕು ಇರುವುದು ಪ್ರಪಂಚದಲ್ಲೆಲ್ಲ 30ರ ಆಸುಪಾಸು ಜನಕ್ಕೆ, ಅವರಿಗೆ ಕಮಿಟರ್ ಅನ್ನುತ್ತಾರೆ. ಅವರ ಕೈಗಾದರೂ ಎಷ್ಟು ಸಿಕ್ಕೀತು?

ಕೊನೆಗೆ ಅದನ್ನು ಕೈಗೆತ್ತಿಕೊಂಡ ಕಮಿಟರ್‌ಗೆ, ಮೊದಲ ಪ್ಯಾಚ್‌ಗೆ 'ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಹಾಕಿದ್ದೀರಿ' ಅಂತ ವಿನಯವಾಗಿ ಬರೆದ ಜಪಾನಿನ ಪರಿಶೀಲಕರಿಗೆ, ನಾಲ್ಕು ಸಾಲಿನ ಮೇಲ್ ಬರೆಯಲು ಮೂರು ಗಂಟೆ ಒದ್ದಾಡುತ್ತಿದ್ದಾಗ ತಿದ್ದಿಕೊಟ್ಟ ಸಾಗರದ ಇಂಗ್ಲಿಷ್ ಮೇಷ್ಟ್ರಿಗೆ, ಶುಕ್ರವಾರ ಮಧ್ಯಾಹ್ನ ಎಲ್ಲಿ ಮಾಯವಾಗುತ್ತೇನೆ ಅಂತ ಕೇಳದ ಆಫೀಸಿನವರಿಗೆ, ಮನೆಯಲ್ಲಿ ವಿಚಿತ್ರ ಯಂತ್ರಗಳನ್ನು ಸ್ವಂತ ಖರ್ಚಿನಲ್ಲಿ ಓಡಿಸಿ ನಮ್ಮ ತಪ್ಪು ಹಿಡಿಯುವ ಬಿಲ್ಡ್‌ಫಾರ್ಮ್‌ನವರಿಗೆ, ಎಲ್ಲರಿಗೂ ನಮಸ್ಕಾರ.

ಇನ್ನು ಅಕ್ಕನ ವಿಷಯ. ಈ ಬರಹ ಬರೆಯಲು ಕೂತಿದ್ದೇ ಅದಕ್ಕೆ. ಆ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇಲ್ಲದ್ದಕ್ಕೆ ಕಾರಣ ನಾನು.

ಅಕ್ಕ ಅಂದರೆ ಒಡಹುಟ್ಟಿದ ಅಕ್ಕ ಅಲ್ಲ. ಮೈಸೂರಿನವರು, ಒಂದು ಸಹಕಾರಿ ಬ್ಯಾಂಕಿನ ಡೇಟಾಬೇಸ್ ನೋಡಿಕೊಳ್ಳುತ್ತಾರೆ. 2023ರಲ್ಲಿ ಬೆಂಗಳೂರಿನ ಪಿಜಿಕಾನ್ಫ್ ಇಂಡಿಯಾ ಅನ್ನುವ ಪೋಸ್ಟ್‌ಗ್ರೆಸ್ ಸಮ್ಮೇಳನದಲ್ಲಿ ಟೀಗೆ ನಿಂತ ಸಾಲಿನಲ್ಲಿ ಪರಿಚಯ. ಸಾಲು ಉದ್ದ ಇತ್ತು, ಅವರು ಹೇಳಿದ ಕಥೆಯೂ ಉದ್ದ ಇತ್ತು. ಬ್ಯಾಂಕಿನ ಸರ್ವರ್‌ಗೆ ಹೊಸ ಲಿನಕ್ಸ್ ಹಾಕಿದ ಮಾರನೇ ದಿನ ಕೆಲವು ಖಾತೆದಾರರೇ ಕಾಣೆ. ಟೇಬಲ್ ತೆರೆದರೆ ಹೆಸರಿದೆ, ಹುಡುಕಿದರೆ ಇಲ್ಲ ಅನ್ನುತ್ತದೆ. ಲಿನಕ್ಸ್‌ನ ಅಡಿಪಾಯದಲ್ಲಿರುವ ಗ್ಲಿಬ್‌ಸಿ ಅಂತ ಒಂದಿದೆ. 2018ರಲ್ಲಿ ಬಂದ ಅದರ 2.28ನೇ ಆವೃತ್ತಿ ಅಕ್ಷರಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಿತ್ತು. ಬೇಗ ಹುಡುಕಲು ಡೇಟಾಬೇಸ್ ಮಾಡಿಟ್ಟುಕೊಂಡ ಇಂಡೆಕ್ಸ್ ಹಳೇ ಕ್ರಮದಲ್ಲಿ ಕೂತಿದೆ, ಹುಡುಕುವವನು ಹೊಸ ಕ್ರಮ ಹಿಡಿದು ಹೋಗುತ್ತಾನೆ. ಹೋದ ಕಡೆ ಹೆಸರಿಲ್ಲ. ಅಕ್ಕ ಒಂದು ಭಾನುವಾರವಿಡೀ ಕೂತು ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಿದರಂತೆ. "ಎಲ್ರೂ ಡೇಟಾಬೇಸ್ ಕೆಟ್ಟಿದೆ ಅಂದ್ರು ಕಣೋ. ಅದು ನಿಂತಿದ್ದ ನೆಲ ಅಲ್ಲಾಡಿದ್ದು ಯಾರಿಗೂ ಕಾಣಲಿಲ್ಲ" ಅಂದರು. ಅಷ್ಟರಲ್ಲಿ ಟೀ ಖಾಲಿ ಆಗಿತ್ತು. ನಂಬರ್ ತಗೊಂಡೆ.

2025ರ ಏಪ್ರಿಲ್ 7. ಯುಗಾದಿ ಮುಗಿದು ವಾರ ಕಳೆದಿತ್ತು, ಬಾಗಿಲ ತೋರಣ ಒಣಗಿ ಗಾಳಿಗೆ ಚರಚರ ಅನ್ನುತ್ತಿತ್ತು. 18ನೇ ಆವೃತ್ತಿಗೆ ಹೊಸದೇನಾದರೂ ಸೇರಬೇಕಾದರೆ ಏಪ್ರಿಲ್ 8 ಕೊನೆಯ ದಿನ. ಭೂಮಿಯ ಮೇಲೆ ಎಲ್ಲಾದರೂ 8ನೇ ತಾರೀಖು ಉಳಿದಿದ್ದರೆ ಸಾಕು ಅನ್ನುವ ಲೆಕ್ಕ, ಹಾಗಾಗಿ ನಮಗೆ 9ರ ಸಂಜೆ ಐದೂವರೆವರೆಗೆ ಅವಕಾಶ. 7ರ ಸಂಜೆ ನನ್ನ ಪ್ಯಾಚ್ ಒಳಗೆ ಹೋಯಿತು. ಅಮ್ಮ ಕೇಸರಿಬಾತ್ ಮಾಡಿದಳು. ತಿಂದು ಕೈ ತೊಳೆಯುವಷ್ಟರಲ್ಲಿ ಬಿಲ್ಡ್‌ಫಾರ್ಮ್‌ನ ಒಂದು ಯಂತ್ರ ಕೆಂಪಾಯಿತು. ಅರ್ಧ ಗಂಟೆಗೆ ಇನ್ನೊಂದು.

ಬಿಲ್ಡ್‌ಫಾರ್ಮ್ ಅಂದರೆ ಹೊಸ ಕೋಡ್ ಬಂದ ಕೂಡಲೇ ಅದನ್ನು ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಕಂಪೈಲರ್ ಮೇಲೆ ಕಟ್ಟಿ ಟೆಸ್ಟ್ ಓಡಿಸುವ ಯಂತ್ರಗಳ ಹಿಂಡು. ಹಿಂಡು ಅನ್ನುವ ಮಾತು ಸುಮ್ನೆ ಹೇಳಿದ್ದಲ್ಲ, ಪ್ರತಿಯೊಂದಕ್ಕೂ ಒಂದು ಪ್ರಾಣಿಯ ಹೆಸರಿದೆ. ಮಿಕ್ಕವೆಲ್ಲ ಹಸಿರು. ಎರಡೇ ಕೆಂಪು, ಅದೂ ಒಂದು ಸಲ ಕೆಂಪು, ಒಂದು ಸಲ ಹಸಿರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಯಾವಾಗಲೂ ಬೀಳುವ ಟೆಸ್ಟನ್ನು ಹಿಡಿಯಬಹುದು, ಆಗೊಮ್ಮೆ ಈಗೊಮ್ಮೆ ಬೀಳುವುದನ್ನು ಹಿಡಿಯುವುದು ಹೇಗೆ? ನನ್ನ ಲ್ಯಾಪ್‌ಟಾಪಿನಲ್ಲಿ ನಲವತ್ತು ಸಲ ಓಡಿಸಿದೆ. ನಲವತ್ತು ಸಲವೂ ಪಾಸ್. ಕಮಿಟರ್ ಮೇಲ್ ಬಂತು: ನಾಳೆಯೊಳಗೆ ಕಾರಣ ಸಿಗದಿದ್ದರೆ ವಾಪಸ್ ತೆಗೆಯಬೇಕಾಗುತ್ತದೆ. ನ್ಯಾಯವಾದ ಮಾತೇ. ಓದಿ ಹೊಟ್ಟೆ ತೊಳೆಸಿತು.

ಹನ್ನೊಂದಕ್ಕೆ ಗುಡುಗು, ಮಳೆ. ಕರೆಂಟ್ ಹೋಯಿತು. ಅಕ್ಕನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು.

"ಓದು."

"ಏನು?"

"ನಿನ್ನ ಪ್ಯಾಚು. ಮೊದಲನೇ ಸಾಲಿಂದ. ಜೋರಾಗಿ ಓದು."

ಸಿ ಭಾಷೆಯ ಕೋಡನ್ನು ಯಾರಾದರೂ ಜೋರಾಗಿ ಓದಿದ್ದು ಕೇಳಿದ್ದೀರಾ? ಇಫ್, ಬ್ರಾಕೆಟ್, ಸ್ಟಾರ್, ಬಾಣ. ಅಮ್ಮ ಎದ್ದು ಬಂದು, ಈ ಹೊತ್ತಲ್ಲಿ ಯಾವ ಪಾರಾಯಣ ಅಂತ ಬಾಗಿಲಲ್ಲಿ ನಿಂತು ನೋಡಿ ಹೋದಳು. ಒಂದೂವರೆಗೆ ಓದಿ ಮುಗಿಯಿತು. ಅಕ್ಕ ನಡುವೆ ಮೂರು ಸಲ ನಿಲ್ಲಿಸಿ, ಮತ್ತೆ ಓದಿಸಿ, ಏನೂ ಹೇಳದೆ ಮುಂದೆ ಹೋಗು ಅಂದಿದ್ದರು. ಆಮೇಲೆ, "ವಾಲ್‌ಗ್ರಿಂಡ್ ಹಾಕಿ ನೋಡೋಣ" ಅಂದರು. ಮೆಮೊರಿಯ ಒಂದೊಂದು ಬೈಟನ್ನೂ ಕಾಯುವ ಸಾಧನ ಅದು. ಕಾಯುತ್ತದೆ, ಆದರೆ ಆಮೆ. ಬಿಲ್ಡ್‌ಫಾರ್ಮ್‌ನಲ್ಲೂ ಅದನ್ನು ಓಡಿಸುವ ಒಂದು ಯಂತ್ರವಿದೆ. ಹೆಸರು ಸ್ಕಿಂಕ್, ಅಂದರೆ ನಮ್ಮ ಹಾವುರಾಣಿ. ಅದರ ಸುತ್ತು ಮುಗಿಯಲು ಗಂಟೆಗಟ್ಟಲೆ ಬೇಕು, ಅಲ್ಲಿಯವರೆಗೆ ಕಾಯುವ ಹಾಗಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಉಳಿದದ್ದು ಶೇಕಡಾ 11. ಇನ್ವರ್ಟರ್ ಆಗಲೇ ಕೂಗಿ ಸುಮ್ಮನಾಗಿತ್ತು. ಅಕ್ಕ ತಮ್ಮ ಮನೆಯ ಕಂಪ್ಯೂಟರ್ ಆನ್ ಮಾಡಿದರು. ಪೋಸ್ಟ್‌ಗ್ರೆಸ್ ಅನ್ನು ಮೊದಲಿಂದ ಕಟ್ಟಿದರು, ಬೀಳುತ್ತಿದ್ದ ಆ ಒಂದು ಟೆಸ್ಟ್ ಮಾತ್ರ ಓಡಿಸಿದರು.

ಓಡುವಷ್ಟು ಹೊತ್ತೂ ಫೋನ್ ಇಡಲಿಲ್ಲ. ಆ ಕಡೆಯಿಂದ ಚಾಕುವಿನ ಸದ್ದು. ಬೆಳಿಗ್ಗೆ ಮಗಳ ಡಬ್ಬಿಗೆ ಅಂತ ಹುರುಳಿಕಾಯಿ ಹೆಚ್ಚುತ್ತಿದ್ದರು, ಹೇಗೂ ಎದ್ದಿದ್ದೀನಲ್ಲ ಅಂತ. ಮೂರು ಗಂಟೆ ಸುಮಾರಿಗೆ ನಾನು ಹೇಳಬಾರದ್ದೆಲ್ಲ ಹೇಳಿದೆ. ಇದೆಲ್ಲ ನನ್ನಂಥವನಿಗಲ್ಲ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಇಲ್ಲಿ ಕೂತವನಿಗೆ ಇದರ ಹಂಗೇಕೆ, ಅವರೇ ತೆಗೆಯುವ ಮೊದಲು ನಾನೇ ತೆಗೆಯಿರಿ ಅಂತ ಬರೆದುಬಿಡುತ್ತೇನೆ ಅಂದೆ. ಮೂರು ವರ್ಷ ಹಾಳಾಯಿತು ಅಂದೆ. ಅತ್ತೆ. ಮೂವತ್ನಾಲ್ಕು ವರ್ಷದ ಗಂಡಸು, ಕತ್ತಲಲ್ಲಿ, ಒಂದು ಪ್ಯಾಚಿಗಾಗಿ. ಅಕ್ಕ ಸಮಾಧಾನ ಏನೂ ಹೇಳಲಿಲ್ಲ. "ಅಳು, ಫೋನ್ ಇಡಬೇಡ" ಅಂದರು. ಹುರುಳಿಕಾಯಿ ಹೆಚ್ಚುವ ಸದ್ದು ನಡೆದೇ ಇತ್ತು.

ನಾಲ್ಕೂ ಇಪ್ಪತ್ತಕ್ಕೆ ಸದ್ದು ನಿಂತಿತು.

"ಡಬ್ಬ ತೊಳೆದಿದ್ದೀಯೇನೋ?"

ನನಗೆ ಅರ್ಥವಾಗಲಿಲ್ಲ. ಟಿಫನ್ ಡಬ್ಬಿ ಅಂದುಕೊಂಡೆ.

ವಿಷಯ ಇಷ್ಟೇ. ಹ್ಯಾಶ್ ಟೇಬಲ್ ಅಂದರೆ ಕೀ ಕೊಟ್ಟರೆ ಅದಕ್ಕೆ ಸೇರಿದ ಮಾಹಿತಿ ಹುಡುಕಿಕೊಡುವ ಪಟ್ಟಿ. ಅದರಲ್ಲಿ ಹುಡುಕಲು ನಾನೊಂದು ಕೀ ಮಾಡಿಕೊಂಡಿದ್ದೆ. 4 ಬೈಟಿನ ಒಂದು ಸಂಖ್ಯೆ, ಅದರ ಪಕ್ಕ 1 ಬೈಟಿನ ಒಂದು ಗುರುತು. ಒಟ್ಟು 5 ಆಗಬೇಕು. ಕಂಪೈಲರ್ ಅದಕ್ಕೆ 8 ಬೈಟಿನ ಜಾಗ ಕೊಡುತ್ತದೆ, 3 ಖಾಲಿ. ಖಾಲಿ ಅಂದರೆ ಸೊನ್ನೆ ಅಲ್ಲ. ಮೊದಲು ಆ ಜಾಗ ಬಳಸಿದವರು ಬಿಟ್ಟುಹೋದ ಕಸ. ಹ್ಯಾಶ್ ಟೇಬಲ್ ಅದನ್ನೂ ಸೇರಿಸಿ 8 ಬೈಟನ್ನೂ ಹೋಲಿಸುತ್ತದೆ. ಅದೇ ಸಂಖ್ಯೆ, ಅದೇ ಗುರುತು, ಆದರೂ ಕಸ ಬೇರೆ ಆದ್ದರಿಂದ ಬೇರೆ ಕೀ ಅನ್ನುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ 3 ಬೈಟು ಅದೃಷ್ಟಕ್ಕೆ ಸೊನ್ನೆಯೇ ಇರುತ್ತಿತ್ತು. ತುಂಬುವ ಮೊದಲು ಮೆಮ್‌ಸೆಟ್ ಅಂತ ಒಂದು ಸಾಲು ಬರೆದು ಇಡೀ ಡಬ್ಬವನ್ನು ಸೊನ್ನೆ ಮಾಡಿಕೊಳ್ಳಬೇಕಿತ್ತು. ಪೋಸ್ಟ್‌ಗ್ರೆಸ್ ಕೋಡಿನಲ್ಲಿ ಆ ಸಾಲನ್ನು ಎಷ್ಟೋ ಕಡೆ ನೋಡಿದ್ದೆ. ಹಳಬರ ಮಡಿ ಇರಬೇಕು ಅಂದುಕೊಂಡಿದ್ದೆ!

"ಹಾಲಿನವನು ಬಂದ, ಇರು" ಅಂತ ಹೋದರು. ಪಾತ್ರೆ ಸದ್ದು, ಬಾಗಿಲ ಸದ್ದು. ವಾಪಸ್ ಬಂದು, ಆ ಒಂದು ಸಾಲು ಹಾಕಿ ಮತ್ತೆ ಓಡಿಸಿ, ಸರಿ ಇದೆ, ಕಳಿಸು, ಮಲಗು ಅಂದರು. ಅವರಿಗೆ ಒಂಬತ್ತಕ್ಕೆ ಬ್ಯಾಂಕಿನಲ್ಲಿ ಇರಬೇಕಿತ್ತು.

ಐದೂ ಹತ್ತಕ್ಕೆ ಫೋನಿನಲ್ಲೇ, ಯಾರು ಬೇಕಾದರೂ ಓದಬಹುದಾದ ಮೇಲಿಂಗ್ ಲಿಸ್ಟ್‌ಗೆ, ಮೇಲ್ ಬರೆದೆ. ಅದರಲ್ಲಿ 'ನಾನು ಕಾರಣ ಕಂಡುಹಿಡಿದೆ' ಅಂತ ಬರೆದೆ. 'ನಾವು' ಅಂತಲೂ ಬರೆಯಲಿಲ್ಲ. ನಿದ್ದೆಗಣ್ಣಿನಲ್ಲಿ ಹಾಗಾಯಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬೇರೆಯವರು ಹುಡುಕಿಕೊಟ್ಟರು ಅಂದರೆ ಆ ದೊಡ್ಡವರೆಲ್ಲ ನನ್ನನ್ನು ಏನಂದುಕೊಳ್ಳುತ್ತಾರೋ ಅನ್ನುವ ಭಯ. ತಮಾಷೆ ಅಂದರೆ, ಅಲ್ಲಿ ಯಾರೂ ಹಾಗೆ ಅಂದುಕೊಳ್ಳುವುದಿಲ್ಲ. ಪ್ರತಿ ಕಮಿಟ್, ಅಂದರೆ ಒಳಗೆ ಸೇರಿದ ಪ್ರತಿ ಬದಲಾವಣೆಯ, ಅಡಿಯಲ್ಲಿ ಬರೆದವರು ಯಾರು, ನೋಡಿಕೊಟ್ಟವರು ಯಾರು, ತಪ್ಪು ತೋರಿಸಿದವರು ಯಾರು ಅಂತ ಹೆಸರು ಹಾಕುವುದು ಅಲ್ಲಿನ ಪದ್ಧತಿ. ನಾನು ಅವರ ಹೆಸರು ಬರೆದಿದ್ದರೆ ಅದೂ ಬರುತ್ತಿತ್ತು. ಬರೆಯಲಿಲ್ಲ. ಆ ದಿನ ಸಂಜೆ ಯಂತ್ರಗಳೆಲ್ಲ ಹಸಿರಾದವು, ಎಲ್ಲರೂ ನನ್ನನ್ನು ಹೊಗಳಿದರು, ನಾನು ಹೊಗಳಿಸಿಕೊಂಡೆ.

ಐದು ತಿಂಗಳು ಅಕ್ಕ ಆ ಮಾತೇ ಎತ್ತಲಿಲ್ಲ. ಬಿಡುಗಡೆಯ ದಿನ ನಾನೇ ಫೋನ್ ಮಾಡಿದೆ. ಮೈಸೂರಿನಲ್ಲಿ ದಸರಾ ಶುರುವಾಗಿತ್ತು, ದೀಪ ನೋಡಲು ಬಂದ ಜನದ ನಡುವೆ ಅವರ ಬಸ್ಸು ಸಿಕ್ಕಿಹಾಕಿಕೊಂಡಿತ್ತು. ಪಟ್ಟಿಯ ವಿಷಯ ಹೇಳಿದೆ, ಆಮೇಲೆ ಮೇಲ್ ವಿಷಯ ಹೇಳಿದೆ.

"ಓದಿದ್ದೆ ಕಣೋ. ಅವತ್ತು ಬ್ಯಾಂಕಿಗೆ ಹೋಗ್ತಾನೇ ಓದ್ದೆ."

ನಾನು ಸುಮ್ಮನಿದ್ದೆ.

"ಬೇಜಾರಾಯ್ತು. ಒಂದೆರಡು ದಿನ."

ಬಸ್ಸಿನ ಹಾರ್ನ್ ಸದ್ದು ಜಾಸ್ತಿಯಾಗಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಅಲ್ಲೊಂದು ಕಾಮೆಂಟ್ ಹಾಕಿದ್ಯಾ? ಯಾಕೆ ಸೊನ್ನೆ ಮಾಡಬೇಕು ಅಂತ? ಇಲ್ಲಾಂದ್ರೆ ಯಾರೋ ಜಾಣ ಬಂದು ಈ ಸಾಲು ಬೇಕಿಲ್ಲ ಅಂತ ತೆಗೀತಾನೆ" ಅಂದರು. ಹಾಕಿರಲಿಲ್ಲ. "ಬಿಡು, ನಾನೇ ಕಳಿಸ್ತೀನಿ."

ಈ ಬರಹ ಹಾಕುವ ಮೊದಲು ಅವರಿಗೆ ಓದಿ ಹೇಳಿದೆ. ಹೆಸರು ಹಾಕಲೇ ಅಂತ ಕೇಳಿದೆ. ಇಲ್ಲಿ ಬೇಡ, ಬರೋ ಕಡೆ ಬರುತ್ತೆ ಅಂದರು. ಅಕ್ಕಾ, ಆ ರಾತ್ರಿಗೆ ಥ್ಯಾಂಕ್ಸ್. ಆ ಬೆಳಿಗ್ಗೆಯ ಮೇಲ್‌ಗೆ ಕ್ಷಮೆ ಇರಲಿ.

ಅವರ ಪ್ಯಾಚ್ ನವೆಂಬರ್ ಕಮಿಟ್‌ಫೆಸ್ಟ್‌ಗೆ ಸೇರಿದೆ. ಬರೆದವರ ಜಾಗದಲ್ಲಿ ಅವರ ಹೆಸರು, ಪರಿಶೀಲಿಸುವವರ ಜಾಗದಲ್ಲಿ ನನ್ನದು. ಎರಡು ಸಾಲಿನ ಕಾಮೆಂಟ್, ಅಷ್ಟೇ. ಎರಡನೇ ಸಾಲಿನಲ್ಲಿ ಟ್ಯಾಬ್ ಬದಲು ಸ್ಪೇಸ್ ಇತ್ತು. ನಿನ್ನೆ ರಾತ್ರಿ ವಿನಯವಾಗಿ ಬರೆದು ಕಳಿಸಿದೆ. ಬೆಳಿಗ್ಗೆ ಉತ್ತರ ಬಂದಿದೆ: "ನೋಡ್ದೆ. ಬ್ಯಾಂಕಿಂದ ಬಂದು ಸರಿ ಮಾಡ್ತೀನಿ."