ಕಾಂಪೋಟಿನಲ್ಲಿ ನಾಲ್ಕು ದಿನ ಇರು

ಶಿರಸಿ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಕಳಿಸಿದ ಕಾಂಬೋಡಿಯಾದ ಪಟ್ಟಿ ನೋಡಿದೆ. ಅಂಗ್ಕೋರ್ ಮೂರು ದಿನ, ನೋಮ್ ಪೆನ್ ಎರಡು ದಿನ, ದ್ವೀಪದಲ್ಲಿ ಐದು ದಿನ, ನಡುವೆ ಕಾಂಪೋಟಿಗೆ ಅರ್ಧ ದಿನ! ಬಸ್ಸಿಳಿದು, ಉಂಡು, ಮತ್ತೆ ಬಸ್ಸು ಹತ್ತಲು ಆ ಊರೇ ಏಕೆ ಬೇಕು? ದ್ವೀಪದ ದಿನಗಳನ್ನು ಕತ್ತರಿಸಿ ಕಾಂಪೋಟಿಗೆ ನಾಲ್ಕು ದಿನ ಕೊಡು. ನಾನು ಅಲ್ಲಿ ಇದ್ದು ಬಂದವನು ಎಂಬ ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಅಷ್ಟು ಹೊತ್ತಿಗೆ ಚೀಲ ಹೊತ್ತು ನಿನ್ನ ಹೆಗಲು ಸೋತಿರುತ್ತದೆ, ದೇವಸ್ಥಾನ ನೋಡಿ ನೋಡಿ ಕಣ್ಣೂ ಸೋತಿರುತ್ತದೆ.

ನೋಮ್ ಪೆನ್‌ನಿಂದ ರೈಲಿದೆ. ವರ್ಷಗಟ್ಟಲೆ ನಿಂತಿದ್ದ ಪ್ರಯಾಣಿಕರ ರೈಲು 2016ರಲ್ಲಿ ಮತ್ತೆ ಓಡಲಾರಂಭಿಸಿತು. ನೀನು ಹೋಗುವ ದಿನ ಓಡುತ್ತದೆಯೇ ಎಂದು ಮೊದಲೇ ವಿಚಾರಿಸಿಕೊ. ಬಸ್ಸಿಗಿಂತ ನಿಧಾನ, ನಿನಗೆ ಈಗ ಬೇಕಾದದ್ದೂ ಅದೇ.

ಊರಿನಲ್ಲಿ ನೋಡಲೇಬೇಕಾದ ದೊಡ್ಡದೇನೂ ಇಲ್ಲ. ನದಿ, ಫ್ರೆಂಚರ ಕಾಲದ ಬಣ್ಣ ಮಾಸಿದ ಅಂಗಡಿ ಸಾಲು, ವೃತ್ತದ ನಡುವೆ ಒಂದು ದೈತ್ಯ ಡುರಿಯನ್ ಹಣ್ಣಿನ ಪ್ರತಿಮೆ (ಯಾರ ಕಲ್ಪನೆಯೋ!). ಹಳೆಯ ಸೇತುವೆ ಯುದ್ಧಕಾಲದಲ್ಲಿ ಮುರಿದದ್ದು. ಆಮೇಲೆ ತೇಪೆ ಹಾಕಿದ್ದರಿಂದ ಒಂದು ಕಮಾನಿಗೂ ಇನ್ನೊಂದಕ್ಕೂ ಹೊಂದಿಕೆಯೇ ಇಲ್ಲ. ಸಂಜೆ ಅದರ ಹತ್ತಿರ ಕುಳಿತರೆ ಮೀನುಗಾರರ ದೋಣಿಗಳು ಸಾಲಾಗಿ ಸಮುದ್ರದ ಕಡೆಗೆ ಹೊರಡುತ್ತವೆ. ಮೊಬೈಲನ್ನು ಕೋಣೆಯಲ್ಲಿಯೇ ಬಿಟ್ಟು ಬಾ ಎಂದರೆ ನೀನು ಕೇಳುವವಳಲ್ಲ, ಚೀಲದೊಳಗಾದರೂ ಇರಲಿ.

ಒಂದು ದಿನ ಸೈಕಲ್ ಬಾಡಿಗೆಗೆ ಪಡೆದು ನೋಮ್ ಛಂಗೋಕ್ ಗುಹೆಗೆ ಹೋಗು. ಸುಣ್ಣಕಲ್ಲಿನ ಗುಡ್ಡದೊಳಗೆ ಏಳನೆಯ ಶತಮಾನದ ಇಟ್ಟಿಗೆಯ ಶಿವಾಲಯವಿದೆ, ಅಂಗ್ಕೋರ್ ವಾಟ್‌ಗಿಂತ ಐದು ಶತಮಾನ ಹಿಂದಿನದು. ಸ್ಕೂಟರ್ ಬೇಡ. ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತಿಬಿಡಬಹುದು. ಪಾಸ್‌ಪೋರ್ಟನ್ನು ಯಾರ ಅಂಗಡಿಯಲ್ಲಿಯೂ ಅಡವಿಡಬೇಡ. ಡಾಲರ್ ನೋಟು ಸ್ವಲ್ಪ ಹರಿದಿದ್ದರೂ ಅಲ್ಲಿ ಮುಟ್ಟುವುದಿಲ್ಲ. ಊಟಕ್ಕೆ ಕುಳಿತಾಗ "ಮೀನು ಬೇಡ" ಎಂದರೆ ಸಾಲದು, ಮೀನಿನ ಸಾಸೂ ಬೇಡ ಎಂದು ಬಿಡಿಸಿ ಹೇಳು. ಸೊಪ್ಪಿನ ಪಲ್ಯಕ್ಕೂ ಅದನ್ನೇ ಹಾಕುತ್ತಾರೆ.

ಅಲ್ಲಿನ ಹಿರಿಯರು ಕೈಮುಗಿದರೆ ನೀನೂ ಕೈಮುಗಿ, ಅದನ್ನು ಕಲಿಸಬೇಕಾಗಿಲ್ಲ. ಆದರೆ ನನ್ನ ವಯಸ್ಸಿನವರನ್ನು "ನಿಮಗೆ ಎಷ್ಟು ಜನ ಅಣ್ಣತಮ್ಮಂದಿರು?" ಎಂದು ನಮ್ಮೂರಿನವರ ಹಾಗೆ ಕೇಳಲು ಹೋಗಬೇಡ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಕ್ರೂರ ಆಳ್ವಿಕೆಯಲ್ಲಿ ತಮ್ಮವರನ್ನು ಕಳೆದುಕೊಳ್ಳದ ಮನೆ ಅಲ್ಲಿ ಅಪರೂಪ. ಅವರಾಗಿಯೇ ಹೇಳಿದರೆ ಕೇಳಿಸಿಕೊ, ಸಮಾಧಾನ ಹೇಳಲು ಅವಸರ ಬೇಡ.

ಇನ್ನು ಮೆಣಸಿನ ತೋಟ. ಇದಕ್ಕೆ ಒಂದು ಇಡೀ ದಿನ ಮೀಸಲಿಡು, ಇದು ನನ್ನ ಸ್ವಾರ್ಥ. ಕಾಂಪೋಟಿನ ಕಾಳುಮೆಣಸಿಗೆ 2010ರಲ್ಲಿ ಭೌಗೋಳಿಕ ಗುರುತು (ಜಿಐ, ಆ ಪ್ರದೇಶದ ಬೆಳೆಗಷ್ಟೇ ಆ ಹೆಸರು ಎಂಬ ಮುದ್ರೆ) ಸಿಕ್ಕಿದೆ. ಅವರದೂ ನಮ್ಮ ಜಾತಿಯ ಬಳ್ಳಿಯೇ, ಬೆಳೆಸುವ ಕ್ರಮ ಮಾತ್ರ ಬೇರೆ. ನಾವು ಅಡಿಕೆ ಮರಕ್ಕೆ ಹಬ್ಬಿಸಿ ಏಣಿ ಹಾಕಿ ಕೊಯ್ಯುತ್ತೇವೆ. ಅವರು ಬಯಲಿನಲ್ಲಿ ಕಂಬ ನೆಟ್ಟು ಹಬ್ಬಿಸುತ್ತಾರೆ, ಎಳೆಯ ಬಳ್ಳಿಗೆ ತಾಳೆಗರಿಯ ನೆರಳು ಕಟ್ಟುತ್ತಾರೆ. ದೂರದಿಂದ ನೋಡಿದರೆ ಹಸಿರು ಗೋಪುರಗಳ ಸಾಲು. ಫೆಬ್ರುವರಿಯಲ್ಲಿ ಹೋಗುತ್ತೀಯಲ್ಲ, ಕೊಯ್ಲು ನಡೆದಿರುತ್ತದೆ. ಪೂರ್ತಿ ಹಣ್ಣಾದ ಕಾಳನ್ನು ಬೇರೆಯಾಗಿ ಆರಿಸಿ ಸಿಪ್ಪೆಸಮೇತ ಒಣಗಿಸಿ ಕೆಂಪು ಮೆಣಸು ಮಾಡುತ್ತಾರೆ. ಹಣ್ಣಾದದ್ದನ್ನು ನಾವು ನೆನೆಸಿ ಸಿಪ್ಪೆ ತೆಗೆದು ಬೋಳುಕಾಳು ಮಾಡುವುದಷ್ಟೇ ಅಲ್ಲವೇ? ಒಂದು ಕೆಂಪು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡು, ಮೊದಲು ಸಿಹಿ, ಖಾರ ಆಮೇಲೆ.

ಮಳೆಗಾಲದಲ್ಲಿ ಬೇರಿಗೆ ನೀರು ನಿಲ್ಲದಂತೆ ಏನು ಮಾಡುತ್ತಾರೆ, ಕಾಲುವೆ ಎಷ್ಟು ಆಳ ತೋಡುತ್ತಾರೆ ಎಂದು ತೋಟದಲ್ಲಿ ಕೆಲಸ ಮಾಡುವವರನ್ನೇ ಕೇಳಿ ಬರೆ. ಇಲ್ಲಿ ಈ ವರ್ಷವೂ ಕೆಳಗಿನ ತೋಟದ ಬಳ್ಳಿಗಳು ಸೊರಗು ರೋಗಕ್ಕೆ ಹೋದವು. ಬಳ್ಳಿಯ ತುಂಡು ತರುವ ಸಾಹಸ ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಕೆಂಪು ಮೆಣಸು ನೂರು ಗ್ರಾಂ ಸಾಕು. ನಿನ್ನ ದೊಡ್ಡಮ್ಮ ಕಾಲು ಕಿಲೋ ಎನ್ನುತ್ತಾಳೆ. ಅದರ ಬೆಲೆ ಅವಳಿಗೆ ಗೊತ್ತಿಲ್ಲ.

ಇಂತಿ ನಿನ್ನ
ದೊಡ್ಡಪ್ಪ